ಮಾವನ ಕೋಲಿನ ತೂಕ

ಮಾವ ಬೆಳಿಗ್ಗೆಯೇ ಬಂದು ಕ್ಯೂ ಕೋಲನ್ನು ಬೆಂಚಿನ ಮೇಲಿಟ್ಟು, "ಅಳಿಯಂದ್ರೇ, ಇದು ಮುಂದಕ್ಕೆ ತೂಗುತ್ತೆ" ಅಂದ ಗಳಿಗೆಯಿಂದಲೇ ಕೋಲಣ್ಣನಿಗೆ ಶನಿ ಹೆಗಲೇರಿತು.

ಕೋಲಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲುಗಳನ್ನು ಕೈಯಾರೆ ಮಾಡುವುದು ಅವನ ಕಸುಬು. ಮಾವನಿಗೆ ಆಟ ಪ್ರಾಣ, ಅಳಿಯನ ಕಸುಬು ಮಾತ್ರ ಕಂಡರಾಗದು. ಆದರೂ ಹೋದ ವರ್ಷ ಒಂದೇ ದಿಮ್ಮಿಯಿಂದ ಎರಡು ಕೋಲು ಮಾಡಿಸಿಕೊಂಡಿದ್ದರು. ಅವಳಿ ಮಕ್ಕಳ ಹಾಗೆ ಅವನ್ನು ನೋಡಿ ಬೇರೆ ಮಾಡುವುದು ಮಾಡಿದವನಿಗೂ ಕಷ್ಟ.

"ಸಾಯಂಕಾಲ ಪಂದ್ಯ ಇದೆ. ಅಷ್ಟರೊಳಗೆ ಸರಿ ಮಾಡಿಕೊಡಿ, ಕ್ಲಬ್ಬಿನ ಕೋಲೆಲ್ಲ ನಿಮ್ಮ ಕೈಗೇ ಬರೋ ಹಾಗೆ ನಾನು ಮಾತಾಡ್ತೀನಿ. ಆಗಲ್ಲ ಅಂದ್ರೆ ಈ ಅಂಗಡಿ ಬಾಗಿಲು ಹಾಕಿ, ಸೋಮವಾರದಿಂದ ನಮ್ಮ ಸಿಮೆಂಟ್ ಗೋಡೌನಿಗೆ ಬಂದುಬಿಡಿ" ಎಂದು ಮಾವ ಹೊರಟರು.

ಕೋಲಣ್ಣ ಕೋಲನ್ನು ತೋರುಬೆರಳ ಮೇಲೆ ಇಟ್ಟು ನೋಡಿದ. ಇರಬೇಕಾದ ಜಾಗದಲ್ಲೇ ಅಲುಗಾಡದೆ ನಿಂತಿತು. ಆದರೆ 'ಮಾವ, ನಿಮ್ಮ ಕೈಯೇ ಸರಿ ಇಲ್ಲ' ಅನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ಬುಡದ ರಬ್ಬರ್ ಬಿರಡೆ ಕಿತ್ತು, ಒಳಗಿದ್ದ ತೂಕದ ಬೋಲ್ಟು ತೆಗೆದು, ತನ್ನಲ್ಲಿದ್ದ ಒಂದೇ ಒಂದು ಉದ್ದನೆಯ, ಇನ್ನೂ ಭಾರದ ಬೋಲ್ಟನ್ನು ಅಲ್ಲಿ ಕೂರಿಸಿದ.

ಎದುರಿನ ಕಟಿಂಗ್ ಶಾಪಿನವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. "ಕೊಡಿಲ್ಲಿ, ಕತ್ತಿ ಹಿಡಿಯೋ ಕೈಗೆ ತೂಕ ಗೊತ್ತಾಗುತ್ತೆ. ಅಯ್ಯೋ, ಇದೇನ್ ಕೋಲಣ್ಣ, ಹಾರೆ! ಹಿಂದಕ್ಕೆ ಜಗ್ಗುತ್ತೆ, ಮುಂದೆ ಒಂಚೂರು ಹಾಕು."

"ಮುಂದೆ ಯಾಕ್ರೀ? ನಡುವೆ ಹಾಕಿ" ಎಂದು ಪಕ್ಕದ ಅಂಗಡಿಯ ದರ್ಜಿ ಬಂದ. ಸಾಯಂಕಾಲದ ಬಸ್ಸಿಗೆ ಮಗಳ ಊರಿಗೆ ಹೊರಡಬೇಕು, ಹೊಲಿಯುವುದು ರಾಶಿ ಬಿದ್ದಿದೆ, ಆದರೂ ಬಂದ. "ಪ್ಯಾಂಟಿಗಾದ್ರೂ ಅಷ್ಟೆ, ಸೊಂಟ ಸರಿಯಾಗಿದ್ರೆ ಎಲ್ಲಾ ಸರಿ."

ಕೋಲಣ್ಣ ದಾಕ್ಷಿಣ್ಯದ ಮನುಷ್ಯ. ನಡುವಿನ ಕೀಲಿನಲ್ಲಿ ಒಂದಿಷ್ಟು ಸೀಸ ತುಂಬಿದ. ಈಗ ಅದು ಒನಕೆಯಾಯಿತು. ಅಷ್ಟು ಹೊತ್ತಿಗೆ ಅರ್ಧ ಗಡ್ಡದ ಗಿರಾಕಿಯೂ ಬಂದು, "ಹೊಡೆದು ನೋಡದೆ ಹೇಗ್ರೀ ಗೊತ್ತಾಗುತ್ತೆ?" ಎಂದು ಬೆಂಚಿನ ಮೇಲೆ ಬಾಗಿ, ಇಲ್ಲದ ಚೆಂಡಿಗೆ ಗುರಿಯಿಟ್ಟು ತಳ್ಳಿದ. ಕೋಲು ಕೈಮೀರಿ ಹೋಗಿ ವಾರ್ನಿಶ್ ಡಬ್ಬಿಯನ್ನು ಉರುಳಿಸಿತು. ಅವನ ಗಡ್ಡದ ಉಳಿದರ್ಧಕ್ಕೆ ಹೊಳಪು ಬಂತು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತಲ್ಲ ಎಂದು ಕೋಲಣ್ಣನಿಗೆ ಅಳುವೇ ಬಂತು. ಬಂದ ಹಾಗೇ ವಾಪಸು ಕೊಟ್ಟು ಬೈಸಿಕೊಳ್ಳೋಣ ಎಂದು ಸೀಸ ಕೆರೆದ, ಉದ್ದನೆಯ ಬೋಲ್ಟು ಬಿಚ್ಚಿ ಬೆಂಚಿನ ಮೇಲಿಟ್ಟ. ನೋಡಿದರೆ ಹಳೆಯ ಬೋಲ್ಟೇ ಇಲ್ಲ! ನಾಲ್ವರೂ ನೆಲಕ್ಕೆ ಮೂಗು ತಾಗಿಸಿ, ಮರದ ಹೊಟ್ಟು ಕೆದಕಿ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ದರ್ಜಿಯ ಮೇಜಿನ ಮೇಲೆ, ಕತ್ತರಿಸಿದ ಬಟ್ಟೆಯ ನೆತ್ತಿಯಲ್ಲಿ.

"ಫ್ಯಾನ್ ಗಾಳಿಗೆ ಬಟ್ಟೆ ಹಾರ್ತಿತ್ತು. ಇದು ಬೆಂಚಿನ ಮೇಲೆ ಸುಮ್ನೆ ಬಿದ್ದಿತ್ತು, ತಗೊಂಡ್ಹೋಗಿ ಇಟ್ಟು ಬಂದೆ" ಎಂದ ದರ್ಜಿ.

ಕೋಲಣ್ಣ ಅದನ್ನು ಬಿಗಿದು ಬಿರಡೆ ಒತ್ತುವುದಕ್ಕೂ ಮಾವ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅವರು ಕೋಲನ್ನು ಬೆರಳ ಮೇಲೆ ಇಟ್ಟರು. ಎರಡು ಸಲ ಗಾಳಿಯಲ್ಲಿ ತಳ್ಳಿದರು. ಕಣ್ಣು ಮುಚ್ಚಿದರು.

"ಭೇಷ್! ಬೆಳಿಗ್ಗೆಗೂ ಈಗಕ್ಕೂ ಎಷ್ಟು ವ್ಯತ್ಯಾಸ! ಇದು ಕೆಲಸ ಅಂದ್ರೆ!"

ಕೋಲಣ್ಣನಿಗೆ ಹೋದ ಜೀವ ಬಂದಂತಾಯಿತು. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಮೂಗಿಗೇರಿದ್ದ ಗೋಡೌನಿನ ಸಿಮೆಂಟ್ ಧೂಳು ಇಳಿದುಹೋಯಿತು. ಅಷ್ಟರಲ್ಲಿ ಅತ್ತೆ ಇನ್ನೊಂದು ಕೋಲು ಹಿಡಿದು ಏದುಸಿರು ಬಿಡುತ್ತ ಬಂದರು.

"ರೀ, ಮುಂದಕ್ಕೆ ತೂಗುತ್ತೆ ಅಂತ ನೀವು ಗೊಣಗ್ತಿದ್ದ ಕೋಲು ಇದು. ನೀವು ಬೇರೆ ಎತ್ತಿಟ್ಟಿದ್ದ ಬಾಗಿಲ ಹಿಂದೇನೇ ಇತ್ತು. ನೀವು ತಂದಿರೋದು ಚೆನ್ನಾಗಿರೋದನ್ನ!"

ಮಾವ ಎರಡೂ ಕೋಲನ್ನು ನೋಡಿ ಗಂಟಲು ಸರಿಮಾಡಿಕೊಂಡರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ನನಗೆ ಗೊತ್ತಿಲ್ವೇನೇ? ಚೆನ್ನಾಗಿರೋದನ್ನ ಇನ್ನೂ ಚೆನ್ನಾಗಿ ಮಾಡ್ತಾರಾ ಅಂತ ಪರೀಕ್ಷೆ ಮಾಡಿದೆ. ಅಳಿಯಂದ್ರೇ, ಇದನ್ನೂ ಹಾಗೇ ಮಾಡಿಡಿ, ನಾಳೆ ಬೆಳಿಗ್ಗೆ ಬರ್ತೀನಿ. ಮಾತು ಹಾಗೇ ಇದೆ. ಸರಿಹೋದ್ರೆ ಕ್ಲಬ್ಬು, ಇಲ್ಲಾಂದ್ರೆ ಗೋಡೌನು" ಎಂದು ಒಳ್ಳೆಯ ಕೋಲು ಹೆಗಲಿಗೇರಿಸಿ, ಅತ್ತೆಯನ್ನು ಕರೆದುಕೊಂಡು ಪಂದ್ಯಕ್ಕೆ ನಡೆದರು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ! ಕೋಲಣ್ಣ ಎರಡನೆಯದನ್ನು ಬೆರಳ ಮೇಲೆ ಇಟ್ಟ. ಅದು ಮುಗ್ಗರಿಸಿ ಮುಂದಕ್ಕೆ ಬಿತ್ತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಇದು ನಿಜವಾದ ದೋಷ, ಇದಕ್ಕೆ ಮದ್ದಿದೆ: ಆ ಉದ್ದನೆಯ ಬೋಲ್ಟು ಹಾಕಿದರೆ ಮುಗಿಯಿತು, ಯಾರನ್ನೂ ಕೇಳಬೇಕಾಗಿಲ್ಲ.

ಬೆಂಚಿನ ಮೇಲೆ ಕೈಯಾಡಿಸಿದ. ಬೋಲ್ಟು ಇರಲಿಲ್ಲ. ಅವನು ಹೊರಗೆ ಓಡಿ ದರ್ಜಿಯ ಅಂಗಡಿಯ ಗಾಜಿಗೆ ಮುಖ ಒತ್ತಿದ. ಒಳಗೆ, ಮಡಿಸಿಟ್ಟ ಬಟ್ಟೆಯ ಮೇಲೆ, ಅದು ರಾಜನ ಹಾಗೆ ಕೂತಿತ್ತು. ಬಾಗಿಲಿಗೆ ಬೀಗ.

"ಬಸ್ಸಿಗೆ ಹೊತ್ತಾಯ್ತು ಅಂತ ಈಗಷ್ಟೇ ಓಡಿದ. ಇನ್ನು ಸೋಮವಾರವೇ ಬರೋದು" ಎಂದ ಕಟಿಂಗ್ ಶಾಪಿನವನು, ತೋರುಬೆರಳು ಚಾಚುತ್ತಾ. "ಅದಿರಲಿ ಬಿಡು, ಆ ಕೋಲು ಕೊಡಿಲ್ಲಿ, ನಾನೊಂದ್ಸಲ ನೋಡ್ತೀನಿ."