ಮಾತಾಡುವವನ ಊಟ

ಕನ್ನಡ ಮಾಸ್ತರನಿಗೆ ಊಟದ ಕರೆ ಬಂತೆಂದರೆ ಭಾಷಣದ ಕರೆಯೂ ಬಂತೆಂದೇ ಅರ್ಥ. ಎಪ್ಪತ್ತು-ಎಂಬತ್ತರ ದಶಕದಲ್ಲಿ ನಮ್ಮ ಕಡೆ ಯಾರ ಔತಣಕ್ಕೆ ಹೋದರೂ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಂದು ಸಲವಾದರೂ ಬಿಸಿಬಿಸಿಯಾಗಿ ಉಣ್ಣಬೇಕೆಂಬ ಆಸೆ ನನಗೆ.

೧. ದೇವದುರ್ಗ

ಹೆಡ್ ಮಾಸ್ತರರಿಗೆ ವರ್ಗವಾಗಿ ಬೀಳ್ಕೊಡುಗೆ ಊಟ. ರೊಟ್ಟಿ ಬಡಿಯುವ ಸದ್ದಿಗೇ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. "ಎರಡು ಮಾತು ಹೇಳಿ ಬಂದ್ಬಿಡ್ರಿ ಸರ" ಎಂದರು ಉಳಿದ ಮಾಸ್ತರರು. ಹೊಗಳಿದೆ. ಹೆಡ್ ಮಾಸ್ತರರು ಕಣ್ಣೊರೆಸಿಕೊಂಡರು, ಇನ್ನಷ್ಟು ಹೊಗಳಬೇಕಾಯಿತು. ಮುಗಿಸಿ ಬಂದರೆ ಅಡುಗೆಯವನು ಪಾತ್ರೆ ತಿಕ್ಕುತ್ತಿದ್ದ.

"ಚಲೋ ಮಾತಾಡಿದ್ರಿ ಸರ. ಕೇಳಿಕೋತ ಎಲ್ಲಾರೂ ಎರಡೆರಡು ರೊಟ್ಟಿ ಜಾಸ್ತಿ ಉಂಡ್ರು!"

೨. ಮಾನ್ವಿ

ವೈಷ್ಣವರ ಮನೆಯ ಮದುವೆ. ಪಂಕ್ತಿಯಲ್ಲಿ ಒಬ್ಬೊಬ್ಬರು ಶ್ಲೋಕವನ್ನೋ ಪದವನ್ನೋ ಹೇಳುವುದು, ಉಳಿದವರು 'ಗೋವಿಂದಾ' ಎನ್ನುವುದು ಅಲ್ಲಿಯ ಪದ್ಧತಿ. ಸರದಿ ಗೊತ್ತುಮಾಡುವ ಹಿರಿಯ ಆಚಾರ್ಯರು ಮೊದಲ ಎಲೆಗೆ ಕುಳಿತಿದ್ದರು. ನಾನು ಹುಷಾರಾಗಿ ಕಟ್ಟಕಡೆಯ ಎಲೆ ಹಿಡಿದು ಕಂಬದ ಮರೆಗೆ ಕುಳಿತೆ. ಮೊದಲ ತುತ್ತು ಎತ್ತಿದ್ದೆ, ಆಚಾರ್ಯರ ದನಿ ಬಂತು: "ಯಾವಾಗ್ಲೂ ಈ ಕಡಿಂದನ ಶುರು ಆಗ್ತದ. ಇವತ್ತ ಆ ಕಂಬದ ಕಡಿಂದ ಆಗ್ಲಿ!"

ಕಣ್ಣು ಮುಚ್ಚಿ, ಕೈ ಆಡಿಸುತ್ತ ಹಾಡಿದೆ. ಕಣ್ಣು ಬಿಟ್ಟರೆ ಮಜ್ಜಿಗೆಯವನು ಎದುರಿಗೆ ನಿಂತಿದ್ದ. "ಹೋಳಿಗಿ ಎಲ್ಲೋ?" ಎಂದೆ.

"ಮೂರು ಸಲ ಬಂದಿದ್ವಿರೀ. ಮೂರು ಸಲನೂ ನೀವು ಕೈ ಆಡಿಸಿ ಬ್ಯಾಡ ಅಂದ್ರಿ."

೩. ರಾಯಚೂರು

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಗೆಳೆಯ, ರಷ್ಯಾದ ಕಡೆಯ ಜಾರ್ಜಿಯಾದಿಂದ ಬಂದಿದ್ದ ಅತಿಥಿಯೊಬ್ಬನನ್ನು ರಾಯಚೂರಿನ ತನ್ನ ಮನೆಗೆ ಊಟಕ್ಕೆ ಕರೆದಿದ್ದ; ಜೊತೆಗೆ ನನ್ನನ್ನೂ ಇನ್ನು ಕೆಲವರನ್ನೂ. ಅತಿಥಿಯ ನಾಡಿನ ಔತಣಕ್ಕೆ 'ತಮದಾ' ಎಂಬ ಯಜಮಾನ ಇರುತ್ತಾನಂತೆ. ಅವನು ಲೋಟ ಎತ್ತಿ ಮಾತಾಡಿ ಮುಗಿಸುವವರೆಗೆ ಯಾರೂ ಗುಟುಕು ಕುಡಿಯುವಂತಿಲ್ಲವಂತೆ. ಇವತ್ತು ನೀವೇ ತಮದಾ, ನೀವು ಹೇಳುವವರೆಗೆ ನಾವು ತುತ್ತೂ ಮುಟ್ಟುವುದಿಲ್ಲ ಎಂದು ಗೆಳೆಯ ಅತಿಥಿಗೆ ಇಂಗ್ಲಿಷಿನಲ್ಲಿ ಮಾತು ಕೊಟ್ಟುಬಿಟ್ಟ. ನನಗೋ ಕುಣಿಯುವಷ್ಟು ಸಂತೋಷ. ಕೊನೆಗೂ ಮಾತಾಡುವ ಪಾಳಿ ಬೇರೆಯವನದು!

ಆತ ಪಾನಕದ ಲೋಟ ಎತ್ತಿದ. ಶಾಂತಿಯ ಬಗ್ಗೆ ಮಾತಾಡಿದ, ತಾಯಂದಿರ ಬಗ್ಗೆ ಮಾತಾಡಿದ, ತೀರಿಕೊಂಡವರ ಬಗ್ಗೆಯೂ ಮಾತಾಡಿದ. ಹಬೆಯಾಡುವ ಅನ್ನದ ಮುಂದೆ ನಾನು ಕುಳಿತಲ್ಲೇ ಚಡಪಡಿಸಿದೆ. ಅಡುಗೆಮನೆಯಿಂದ ಗೆಳೆಯನ ತಾಯಿ ಇಣುಕಿ, "ಯಪ್ಪಾ, ಆ ಮನಷ್ಯಾಗ ಹಸಿವೆ ಆಗಂಗಿಲ್ಲೇನೊ?" ಎಂದರು.

ಕೊನೆಗೆ ಆತ, ಮಾತನ್ನು ಒಬ್ಬ ಅತಿಥಿಗೆ ದಾಟಿಸುವುದು ತಮ್ಮ ಪದ್ಧತಿ ಎಂದು ನನ್ನ ಕಡೆಗೇ ಕೈ ತೋರಿದ!

ಎದ್ದು ನಿಂತು, "ಉಣ್ರಿ!" ಎಂದೆ. ಅಷ್ಟೇ. ಜನ್ಮದಲ್ಲಿ ನನಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಎಲ್ಲರೂ ತುತ್ತು ಕಲಸಿ ಬಾಯಿಗೆ ಎತ್ತಿದರು.

ಗೆಳೆಯ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಲೇ ಅತಿಥಿ ಓಡಿಬಂದು ನನ್ನನ್ನು ಅಪ್ಪಿಕೊಂಡ. ಇಷ್ಟು ಚಿಕ್ಕ ಭಾಷಣವನ್ನು ಆತ ಕೇಳಿಯೇ ಇರಲಿಲ್ಲವಂತೆ. ಎಲ್ಲರ ತುತ್ತೂ ಬಾಯಿಯ ಹತ್ತಿರವೇ ನಿಂತವು. ಏಕೆಂದರೆ, ಚಿಕ್ಕದಾಗಿ ಮಾತಾಡುವುದರ ಹಿರಿಮೆಯನ್ನು ಕುರಿತು ತಾನೂ ನಾಲ್ಕು ಮಾತು ಹೇಳಲೇಬೇಕೆಂದು ಆತ ಮತ್ತೆ ಲೋಟ ಎತ್ತಿದ್ದ.