ತೊಟ್ಟಿಲ ಕೆಳಗಿನ ನತ್ತಿನ ಕೋವಿ

ಅಜ್ಜನಾದ ಮೇಲೆ ಮನುಷ್ಯನಿಗೆ ಬುದ್ಧಿ ಕಡಿಮೆಯಾಗುತ್ತದೆ ಎಂದರೆ ಬೇರೆ ಅಜ್ಜಂದಿರು ಸಿಟ್ಟಾಗಬಹುದು, ನನ್ನದಷ್ಟೇ ಹೇಳುತ್ತೇನೆ. ಕೂಲಿಮಠದಲ್ಲಿ ಮರಳ ಮೇಲೆ ತಿದ್ದಿದ ಅಕ್ಷರ ಬಿಟ್ಟರೆ ನನಗೆ ಬೇರೆ ಓದಿಲ್ಲ, ಆದರೂ ಈ ಸಂತೋಷವನ್ನು ಬರೆಯದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ. ಸೊಸೆಯ ತವರು ಮೊಳಕಾಲ್ಮೂರು. ಮೊದಲಿನ ಎರಡು ಕೂಸುಗಳು ಅಲ್ಲೇ ಹುಟ್ಟಿ ಅಲ್ಲೇ ಹೋದವು. ಮಣ್ಣಿಗಿಟ್ಟದ್ದು ಇದೇ ಕೈ. ಮೂರನೆಯ ಬಾಣಂತನ ನಮ್ಮ ಮನೆಯಲ್ಲೇ ಆಗಲಿ ಎಂದು ಹಟ ಹಿಡಿದೆ. ಗಾಳಿಗೀಳಿ ಸೋಕದಂತೆ ತೊಟ್ಟಿಲ ಕೆಳಗೆ ಕಬ್ಬಿಣ ಇಡುವುದು ನಮ್ಮ ಕಡೆಯ ರೂಢಿ. ನನ್ನ ಹೆಂಡತಿ ಕುಡುಗೋಲು ಇಟ್ಟಳು. ನನಗೆ ಅದು ಸಾಲದೆನಿಸಿ, ಕುಡುಗೋಲು ಸರಿಸಿ, ಅಟ್ಟದ ಮೇಲಿನ ಕೋವಿಯನ್ನೇ ತಂದಿಟ್ಟೆ. ಪಾಳೇಗಾರರ ಕಾಲದ್ದಂತೆ. ಕೋವಿಯ ಕುದುರೆ ಎನ್ನುತ್ತಾರಲ್ಲ, ಚಕಮಕಿ ಕಲ್ಲು ಕಚ್ಚಿಕೊಳ್ಳುವ ಆ ಕೊಕ್ಕೆಯ ನೆತ್ತಿಯಲ್ಲಿ ಮೂಗುನತ್ತಿನಂಥ ಒಂದು ಉಂಗುರವಿತ್ತು, ಅದಕ್ಕೇ ಮನೆಯ ಹೆಂಗಸರು ನತ್ತಿನವ್ವ ಎಂದು ಹೆಸರಿಟ್ಟು ಆಯುಧಪೂಜೆಗೆ ಎಣ್ಣೆ ಕುಂಕುಮ ಮೆತ್ತುತ್ತಿದ್ದರು. ಅದು ಸಿಡಿದದ್ದನ್ನು ನಮ್ಮಪ್ಪನೂ ಕಂಡಿರಲಿಲ್ಲ.

ಈ ಸಲ ಕೂಸು ಉಳಿಯಿತು. ನನ್ನನ್ನು ಹಿಡಿಯುವವರೇ ಇಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದು ಅದರ ಮುಷ್ಟಿ ಬಿಡಿಸಿ ತೋರಿಸಿದೆ. ನೀರು ಕೇಳಿ ನಿಂತ ಪೊಲೀಸು ದಫೇದಾರನನ್ನೂ ಬಿಡಲಿಲ್ಲ. ಅವನು ಕೂಸು ನೋಡಲು ಬಗ್ಗಿದ. ಕೋವಿ ನೋಡಿ ಎದ್ದ. ಪರವಾನಗಿ ಎಲ್ಲಿ ಎಂದ. ನಾನು ಬಾಯಿ ತೆರೆಯುವ ಮೊದಲೇ ಮಗ ಮುಂದೆ ಬಂದ.

"ನಂದೇ ಸ್ವಾಮಿ. ನಮ್ಮಪ್ಪನ್ನ ಬಿಡ್ರಿ."

ಮಗನನ್ನೂ ಕೋವಿಯನ್ನೂ ಚಳ್ಳಕೆರೆಗೆ ಒಯ್ದರು. ಸೊಸೆ ಅಳಲಿಲ್ಲ, ತೊಟ್ಟಿಲ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಅಂದೇ ಕೂಸಿನ ಮೈ ಬಿಸಿಯಾಯಿತು. ನನ್ನ ಹೆಂಡತಿ ಕುಡುಗೋಲನ್ನು ಮತ್ತೆ ತಂದಿಟ್ಟಳು.

ನಾನು ಚಳ್ಳಕೆರೆಯ ಕಚೇರಿಗೆ ಓಡಿದೆ. ಗುಂಡು ಹಾರುವ ಕೋವಿಯಾದರೆ ಮಗನಿಗೆ ಜೈಲು, ಕೆಟ್ಟ ಹಳೇ ಕೋವಿಯಾದರೆ ಬಿಡುಗಡೆ ಎಂದರು ತಾಲ್ಲೂಕಿನ ಅಮಲ್ದಾರರು. ಆದರೆ ಅದು ಎಂಥದೆಂದು ಕಚೇರಿಯಲ್ಲಿ ಯಾರಿಗೂ ತಿಳಿಯದು. ಸರ್ಕಾರಿ ಹುಲ್ಲುಗಾವಲಿನ ದನ ನೋಡಲು ಉಳ್ಳಾರ್ತಿಗೆ ಬಂದಿದ್ದ ಬಿಳಿ ದೊರೆಯನ್ನು, ಅವನು ಕೋವಿ ಬಲ್ಲವನೆಂದು, ಕರೆಸಿದರು. ಅವನು ನತ್ತು ಅಲ್ಲಾಡಿಸಿದ, ಕುಂಕುಮ ಕೆರೆದು ಅಡಿಯಲ್ಲಿದ್ದ ಕಿರೀಟದ ಗುರುತು ನೋಡಿದ, ಏನೋ ಅಂದ. ಗುಮಾಸ್ತ ನನ್ನ ಕಡೆ ತಿರುಗಿದ.

"ಈ ಉಂಗ್ರ ಐತಲ್ಲ, ಇದೇ ಗುರುತಂತೆ. ಇದು ಇಸ್ಪೇನಿಂದು."

ನನಗೆ ಕೇಳಿಸಿದ್ದು ಇಸ್ಪೀಟು. ಕೋವಿಯ ಮೇಲೆ ಜೂಜಿನ ಕೇಸೂ ಬಿತ್ತೆಂದು ದೊರೆಯ ಬೂಟು ಹಿಡಿದೆ. "ಜಟಿಂಗ ರಾಮೇಶ್ವರನ ಆಣೆ ಸ್ವಾಮಿ, ನಮ್ಮನ್ಯಾಗೆ ಇಸ್ಪೀಟಿಲ್ಲ. ಮೊಮ್ಮಗ ಹುಟ್ಟೌನೆ."

ಅದು ಇಸ್ಪೀಟಲ್ಲ, ಸ್ಪೇನ್, ಸಮುದ್ರದಾಚೆಯ ಒಂದು ದೇಶದ ಹೆಸರು, ಅಲ್ಲಿಯ ಸಿಪಾಯಿಗಳು ಹಿಡಿಯುತ್ತಿದ್ದ ಕೋವಿ ಇದು ಎಂದು ಅಮಲ್ದಾರರು ನಗು ತಡೆದುಕೊಂಡು ಬಿಡಿಸಿ ಹೇಳಿದರು. ದೊರೆ ಕಿಡಿ ಹೋಗುವ ತೂತಿಗೆ ಕಡ್ಡಿ ತುರುಕಿದ. ತಲೆಮಾರುಗಳ ಕುಂಕುಮ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಇದಿನ್ನು ಕೋವಿಯಲ್ಲ, ಬರೀ ಕಬ್ಬಿಣ ಎಂದು ತೀರ್ಮಾನವಾಯಿತು. ತೊಟ್ಟಿಲ ಕೆಳಗೆ ನಾನಿಟ್ಟದ್ದೂ ಕಬ್ಬಿಣವೆಂದೇ. ಮಗನನ್ನು ಬಿಟ್ಟರು, ನತ್ತಿನವ್ವನನ್ನು ಕಚೇರಿಯಲ್ಲೇ ಉಳಿಸಿಕೊಂಡರು.

ಮನೆಗೆ ಬಂದಾಗ ಕೂಸಿನ ಜ್ವರ ಇಳಿದಿತ್ತು. ಸತ್ತ ಕೂಸುಗಳ ಬೆನ್ನಿಗೆ ಹುಟ್ಟಿದ್ದಕ್ಕೆ ಯಮನಿಗೂ ಬೇಡವಾಗುವಂಥ ಹೆಸರಿಡಬೇಕು. ಎಲ್ಲರೂ ತಿಪ್ಪ ಎಂದರು. ನಾನು ಕಚೇರಿಯಿಂದ ಇನ್ನೂ ಕೆಟ್ಟದ್ದನ್ನು ತಂದಿದ್ದೆ. ಈಗ ಅವನು ಅಂಗಳದ ತುಂಬ ಅಂಬೆಗಾಲಿಡುತ್ತಾನೆ, ನಾನು "ಲೇ ಇಸ್ಪೀಟಾ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತೇನೆ. ಬೀದಿಯಲ್ಲಿ ದಫೇದಾರ ಕಂಡರೆ ಮಾತ್ರ ತಿಪ್ಪಾ ಎನ್ನುತ್ತೇನೆ. ನಮ್ಮನೆಯಲ್ಲಿ ಇಸ್ಪೀಟಿಲ್ಲವೆಂದು ಆಣೆ ಮಾಡಿದವನಲ್ಲವೇ ನಾನು.