ಹೊಸಿಲಿಗೆ ಅಡ್ಡ ಮಲಗಿದ ದೇವರು

ಭಕ್ತಿ ಹೆಚ್ಚಾದವರ ಕೈಗೆ ಬೆಂಕಿಪೊಟ್ಟಣ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಭಕ್ತಿಯ ಮೇಲೆ ನನಗೇನೂ ಕೋಪವಿಲ್ಲ. ಕೈಲಾಂಚದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನಲ್ಲ, ಗುಡಿ ಕಂಡಲ್ಲೆಲ್ಲ ಎದೆ ಮುಟ್ಟಿಕೊಳ್ಳುವ ಗಂಡಸರು, ಸೀಟಿನ ಪಕ್ಕದಲ್ಲಿ ಮುದುಕಿಯೊಬ್ಬಳು ಬಂದು ನಿಂತ ಕೂಡಲೇ ಕಣ್ಣುಮುಚ್ಚಿ ಧ್ಯಾನಕ್ಕೆ ಇಳಿಯುತ್ತಾರೆ. ಮುದುಕಿ ಬಸ್ಸಿಳಿದ ಮೇಲೇ ಅವರಿಗೆ ಎಚ್ಚರ. ಅಷ್ಟು ಏಕಾಗ್ರತೆ ಋಷಿಗಳಿಗೂ ಇರಲಿಲ್ಲವೇನೋ.

ನನ್ನ ಮಗ ರಾಜಣ್ಣ ಅವರಿಗಿಂತ ಒಂದು ಕೈ ಮೇಲು. ದಿನಾ ಬೆಳಿಗ್ಗೆ ನನ್ನ ಕಾಲಿಗೆ ಬೀಳುತ್ತಾನೆ. ಬಿದ್ದದ್ದನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಾನೆ. ಸ್ಕೂಟರಿನ ಹಿಂದೆ ‘ತಾಯಿಯೇ ದೇವರು’ ಎಂದು ಬರೆಸಿದ್ದಾನೆ. ಅದೇ ಸ್ಕೂಟರಿನಲ್ಲಿ ರೇಷ್ಮೆ ಹುಳುವಿಗೆ ಒಸಿ ಸೊಪ್ಪು ತಂದು ಹಾಕಪ್ಪ ಅಂದರೆ ಕಿವಿಗೇ ಬೀಳುವುದಿಲ್ಲ. ದೇವರು ಮಾತಾಡುವುದನ್ನು ಕೇಳಿ ಅವನಿಗೆ ಅಭ್ಯಾಸವಿಲ್ಲ, ಪಾಪ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳದ ಕೋಣೆಗೆ ನಾವು ಕೊಡುವ ಮರ್ಯಾದೆ ದೇವರ ಕೋಣೆಗೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು ಹೋಗಬೇಕು. ಬೀಡಿ ಸೇದಿದವನಿಗೆ, ಸೆಂಟು ಬಳಿದವಳಿಗೆ ಪ್ರವೇಶವಿಲ್ಲ. ಊದುಬತ್ತಿಯಂತೂ ಕೂಡದೇ ಕೂಡದು. ಆ ಹೊಗೆಗೆ ಹುಳು ಮೇವು ಬಿಟ್ಟು ಸಾಯುತ್ತದೆ. ದೇವರು ಹೊಗೆ ಕುಡಿದು ಬದುಕುತ್ತಾನೆ, ಹುಳು ಬದುಕುವುದಿಲ್ಲ.

ಹೋದ ವರ್ಷ ಒಂದು ಬೆಳೆಯಲ್ಲಿ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು, ಮಳೆ ಹುಯ್ದಂತೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಇನ್ನೇನು ಗೂಡು ಕಟ್ಟಬೇಕು. ಮನೆಯವರ ದುಡಿಮೆಯೆಲ್ಲ ಆ ಹುಳದ ತಟ್ಟೆಗಳ ಮೇಲಿತ್ತು. ಅಂಥ ಹೊತ್ತಿಗೆ ರಾಜಣ್ಣ, ಯಾರೋ ಸ್ವಾಮಿಗಳು ಮುಟ್ಟಿಕೊಟ್ಟರೆಂದು ನನ್ನ ತೋಳುದ್ದದ ಊದುಬತ್ತಿ ಕಟ್ಟು ಹಿಡಿದು ಬಂದ.

“ಅವ್ವ, ಹುಳದ ಮನೇಲಿ ಪೂಜೆ ಮಾಡ್ಬುಡ್ತೀನಿ. ಗೂಡು ಚಿನ್ನದಂಗೆ ಬತ್ತವೆ.”

“ಹುಳ ಸತ್ತೋಯ್ತವೆ ಕಣ್ಲಾ!”

“ಸ್ವಾಮ್ಗಳು ಮುಟ್ಟಿರೋದು ಕಣವ್ವ. ಈ ಹೊಗೆ ಏನೂ ಮಾಡಕಿಲ್ಲ.”

“ಸ್ವಾಮ್ಗಳು ಮುಟ್ಟವ್ರೆ ಅಂತ ಹುಳಕ್ಕೆ ಹೇಳ್ಬುಟ್ಟು ಬಾ, ಹೋಗು.”

ಅವನು ನನ್ನ ಕಾಲಿಗೆ ಬಿದ್ದ. ಎದ್ದ. ಬೆಂಕಿಪೊಟ್ಟಣ ತೆಗೆದ. ಸೊಸೆ ಗೌರಿ “ಬ್ಯಾಡ ಕಣ್ರೀ” ಅಂದಳು. ಕಾಲಿಗೆ ಬೀಳಿಸಿಕೊಳ್ಳುವ ನನ್ನ ಮಾತೇ ನಡೆಯದ ಮೇಲೆ ಅವಳದೇನು ನಡೆದೀತು?

ಬಲದಿಂದ ತಡೆಯುವ ವಯಸ್ಸು ನನ್ನದಲ್ಲ. ಹೋಗಿ ಹುಳದ ಕೋಣೆಯ ಹೊಸಿಲಿಗೆ ಅಡ್ಡ ಮಲಗಿಬಿಟ್ಟೆ. ಹೊಸಿಲ ಮೇಲೆ ಹೆಂಗಸು ಕೂರಲೂಬಾರದು, ಗೊತ್ತು. ಆದರೆ ಮಲಗಿದ ತಾಯಿಯನ್ನು ದಾಟುವುದು ಅದಕ್ಕಿಂತ ದೊಡ್ಡ ಪಾಪ.

“ಏಳವ್ವ, ಏನವ್ವ ಇದು!”

“ದಾಟ್ಕೊಂಡು ಹೋಗು ಕಣ್ಲಾ. ಸ್ಕೂಟ್ರು ಹಿಂದೆ ಬರ್ಸಿರೋದ ಅಳಿಸ್ಬುಟ್ಟು ದಾಟು.”

ಒಂದು ಕಾಲೆತ್ತಿದ, ಇಳಿಸಿದ. ಆಮೇಲೆ ಅವನಿಗೆ ಜ್ಞಾನೋದಯವಾಯಿತು. “ಹಂಗಾರೆ ನಿಂಗೇ ಮಾಡ್ತೀನಿ ಪೂಜೆ” ಎಂದು ಅಲ್ಲೇ ಕಡ್ಡಿ ಗೀರಲು ಹೊರಟ! ನಾನು ಧಡಕ್ಕನೆ ಎದ್ದು ಅವನ ರಟ್ಟೆ ಹಿಡಿದು, “ದ್ಯಾವ್ರಿಗೆ ಇಲ್ಲಿ ಸೆಕೆ ಆಯ್ತದೆ, ಹುಣಸೆಮರದ ತಾವು ನಡಿ” ಎಂದೆ. ಹಿಂದಿನಿಂದ ಗೌರಿ ಬಾಗಿಲು ಹಾಕಿ ಚಿಲಕ ಜಡಿದಳು.

ಊದುಬತ್ತಿ ಕಟ್ಟು ಉರಿದು ಮುಗಿಯುವವರೆಗೂ ಮರದಡಿ ಕೂತೆ. ಕೆಮ್ಮಿದೆ, ಕಣ್ಣೀರು ಸುರಿಸಿದೆ. “ಅವ್ವನ ಮೈಮೇಲೆ ದ್ಯಾವ್ರು ಬತ್ತಾ ಐತೆ” ಎಂದ ರಾಜಣ್ಣ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಏನು ಎತ್ತ ಎಂದು ಕೇಳದೆ ಕಾಲಿಗೆ ಬಿದ್ದು, ಕುಂಕುಮ ಇಟ್ಟು ಹೋದರು.

ಹುಳುಗಳು ಉಳಿದವು. ಗೂಡು ಚೆನ್ನಾಗಿಯೇ ಬಂದವು. ಎಲ್ಲ ಊದುಬತ್ತಿಯ ಮಹಿಮೆ ಎಂದು ರಾಜಣ್ಣ ಊರೆಲ್ಲ ಸಾರಿದ. ಚಿಲಕ ಹಾಕಿದವಳ ಹೆಸರು ಯಾರೂ ಎತ್ತಲಿಲ್ಲ. ಈಗ ಪ್ರತಿ ಬೆಳೆಗೂ ನಾನು ಮರದಡಿ ಕೂರಬೇಕು. ಇದೆಂಥ ಹುಚ್ಚು ಎಂದು ಬೈದುಕೊಂಡೇ ಕೂರುತ್ತೇನೆ.

ಮೊನ್ನೆ ಪಕ್ಕದ ಮನೆಯ ಜಯಮ್ಮ ಬಂದವಳು “ಚೆಂದಾಗಿದ್ದೀಯಾ ಅಕ್ಕ” ಎಂದು ಮಾತಾಡಿಸಿ ಹಾಗೇ ಹೊರಟುಹೋದಳು. ಈಗಿನವರಿಗೆ ದೊಡ್ಡವರೆಂದರೆ ಭಯಭಕ್ತಿಯೇ ಇಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ನಾನಾಗಲೇ ಸೀರೆಯ ನೆರಿಗೆ ಒಸಿ ಮೇಲೆತ್ತಿ ಕಾಲು ಮುಂದೆ ಚಾಚಿದ್ದೆ. ಗೌರಿ ಅದನ್ನು ನೋಡಿಬಿಟ್ಟಳು.

“ಯಾಕತ್ತೆ, ಕಾಲು ನೋವಾ?”

“ಹೂಂ ಕಣವ್ವ,” ಅಂದೆ. “ಹರಳೆಣ್ಣೆ ತಂದು ಒಸಿ ತಿಕ್ಕು.”